ಫುಲ್ಲು, ಆಫು, ಸೊನ್ನೆ

ಮನುಷ್ಯ ಎಂದರೆ ಯಾರು ಎಂಬ ಪ್ರಶ್ನೆಗೆ ನಮ್ಮ ಋಷಿಗಳು ಕಾಡಿನಲ್ಲಿ ಕೂತು ಉತ್ತರ ಹುಡುಕಿದರು. ಅವರಿಗೆ ಪುರುಸೊತ್ತಿತ್ತು. ಕುಣಿಗಲ್ ಕಡೆಯಿಂದ ತುಮಕೂರಿಗೆ ಬರುವ ಬಸ್ಸಿನ ಕಂಡಕ್ಟರಿಗೆ ಆ ಭಾಗ್ಯವಿಲ್ಲ. ಗೂಳೂರಿನಲ್ಲಿ ಹತ್ತಿದವರು ತುಮಕೂರಿನಲ್ಲಿ ಇಳಿಯುವುದಕ್ಕೆ ಐದಾರು ಕಿಲೋಮೀಟರ್. ಅಷ್ಟರೊಳಗೆ ಯಾರು ಪೂರ್ತಿ ಮನುಷ್ಯ, ಯಾರು ಅರ್ಧ, ಯಾರು ಲೆಕ್ಕಕ್ಕೇ ಇಲ್ಲ ಎಂದು ತೀರ್ಮಾನಿಸಿ, ಮಿಷನ್ನಿನ ಗುಂಡಿ ಒತ್ತಿ, ಚೀಟಿ ಹರಿದು ಕೈಗಿಡಬೇಕು. ನಡುವೆ ಡ್ರೈವರಿಗೆ ಸೀಟಿಯನ್ನೂ ಊದಬೇಕು.

ಸಾರಿಗೆ ನಿಗಮದ ಗಣಿತದಲ್ಲಿ ಆರು ವರ್ಷದೊಳಗಿನ ಮಗು ಪ್ರಯಾಣಿಕನೇ ಅಲ್ಲ. ಆರು ತುಂಬಿತೋ, ಅರ್ಧ ಪ್ರಯಾಣಿಕ. ಹನ್ನೆರಡು ದಾಟಿದರೆ ಪೂರ್ತಿ. ಅರವತ್ತಾದ ಮೇಲೆ ಟಿಕೆಟ್ಟಿನಲ್ಲಿ ನಾಲ್ಕಾಣೆ ಭಾಗ ಬಿಡುತ್ತಾರೆ, ಅಂದರೆ ಹಿರಿಯ ನಾಗರಿಕ ಮುಕ್ಕಾಲು. ಇನ್ನು 2023ರ ಜೂನ್ 11ರಂದು ಹೆಂಗಸರಿಗೆ ಬಸ್ಸು ಪುಕ್ಕಟೆ ಮಾಡಿದ ಶಕ್ತಿ ಯೋಜನೆ ಬಂದಮೇಲೆ, ಕರ್ನಾಟಕದ ಹೆಣ್ಣುಮಕ್ಕಳೆಲ್ಲ ಒಂದೇ ಏಟಿಗೆ ಸೊನ್ನೆಯಾದರು. ಸೊನ್ನೆಗೆ ಇಷ್ಟು ಬೆಲೆ ಬಂದದ್ದು ಈ ನೆಲದಲ್ಲಿ ಅದನ್ನು ಕಂಡುಹಿಡಿದ ಮೇಲೆ ಇದೇ ಮೊದಲಿರಬೇಕು. ಫುಲ್ ಟಿಕೆಟ್ ತೆಗೆದುಕೊಂಡು ನಿಂತು ಹೋಗುವ ಏಕೈಕ ಜೀವಿ ಎಂದರೆ ಹನ್ನೆರಡರಿಂದ ಅರವತ್ತರ ನಡುವಿನ ಗಂಡಸು. ಆ ಜಾತಿಗೆ ಸೇರಿದವನು ನಾನು.

ಲೆಕ್ಕ ಮನುಷ್ಯರಿಗೇ ಮುಗಿಯುವುದಿಲ್ಲ. ಹಿಂದೆ ನಾಯಿಗೆ ಫುಲ್ ಟಿಕೆಟ್ ಇತ್ತು. 2022ರಲ್ಲಿ ಅದನ್ನು ಅರ್ಧಕ್ಕಿಳಿಸಿದರು. ಐರಾವತ, ರಾಜಹಂಸ ಅಂತ ಪ್ರಾಣಿಪಕ್ಷಿಗಳ ಹೆಸರಿಟ್ಟುಕೊಂಡ ಐಷಾರಾಮಿ ಬಸ್ಸುಗಳಲ್ಲಿ ಪ್ರಾಣಿಪಕ್ಷಿಗಳಿಗೆ ಪ್ರವೇಶವಿಲ್ಲ. ನಮ್ಮ ಸಾದಾ ಕೆಂಪು ಬಸ್ಸಿನಲ್ಲಿ ಉಂಟು. 2024ರ ಮಾರ್ಚಿನಲ್ಲಿ ಬೆಂಗಳೂರಿನಿಂದ ಮೈಸೂರಿಗೆ ಹೊರಟ ಒಬ್ಬ ಅಜ್ಜಿ ಮತ್ತು ಮೊಮ್ಮಗಳ ಸುದ್ದಿ ಪೇಪರಿನಲ್ಲೆಲ್ಲ ಬಂದಿತ್ತು. ಅಜ್ಜಿಗೂ ಮೊಮ್ಮಗಳಿಗೂ ಸೊನ್ನೆ. ಅವರ ಪಂಜರದಲ್ಲಿದ್ದ ನಾಲ್ಕು ಗಿಳಿಗಳಿಗೆ ಮಕ್ಕಳ ಲೆಕ್ಕದಲ್ಲಿ ತಲಾ 111ರಂತೆ 444 ರೂಪಾಯಿ! ರೆಕ್ಕೆ ಇದ್ದವರು ದುಡ್ಡು ಕೊಟ್ಟು, ರೆಕ್ಕೆ ಇಲ್ಲದವರು ಪುಕ್ಕಟೆ ಹೋದರು. ಅವತ್ತಿನಿಂದ ನನಗೆ ಬಸ್ಸಿನ ಮೈಮೇಲಿರುವ ಗಂಡಭೇರುಂಡದ ಬಗ್ಗೆಯೇ ಚಿಂತೆ. ಹಕ್ಕಿಯೊಂದು, ತಲೆ ಎರಡು. ತಲೆಗೆ ಅರ್ಧ ಅಂದರೂ ಒಂದು ಫುಲ್ಲಾಯಿತು. ಪಾಪ, ಅದು ಹೊರಗಡೆ ಅಂಟಿಕೊಂಡು ಹೋಗುವುದೇ ಕ್ಷೇಮ.

ಗಿಳಿ ಪೇಟೆಯವರ ಶೋಕಿ. ನಮ್ಮ ದಾರಿಯಲ್ಲಿ ಹತ್ತುವ ಪಕ್ಷಿ ಕೋಳಿ. ಹೆಬ್ಬೂರಿನ ಕಡೆಯ ಒಬ್ಬ ಅಜ್ಜಿ ವೈರ್ ಬ್ಯಾಗಿನಲ್ಲಿ ಕೋಳಿ ಕೂರಿಸಿಕೊಂಡು ತುಮಕೂರಿನ ಮಗಳ ಮನೆಗೆ ಹೊರಟಿದ್ದಳು. ಬ್ಯಾಗಿನಿಂದ ಬರೀ ಕತ್ತು ಆಚೆಗಿತ್ತು. ಕೋಳಿ ಬಹಳ ಶಿಸ್ತಿನ ಪ್ರಯಾಣಿಕ, ಯಾರ ಕಾಲನ್ನೂ ತುಳಿದಿರಲಿಲ್ಲ.

"ಅಜ್ಜಿ, ನಿಮಗೆ ಫ್ರೀ. ಕೋಳಿಗೆ ಆಫ್ ಟಿಕೆಟ್" ಎಂದರು ಕಂಡಕ್ಟರು.

"ಅದಕ್ಯಾಕಪ್ಪ? ಅದೂ ಹೆಣ್ಣೇ. ಹೇಂಟೆ ಕಣಪ್ಪ ಇದು."

ಬಸ್ಸಿಗೆ ಬಸ್ಸೇ ಕಿವಿ ನಿಮಿರಿಸಿತು. ಕಂಡಕ್ಟರು ಅನುಭವಸ್ಥರು. "ಹೆಣ್ಣಾದ್ರೆ ಆಗ್ಲಿ ಅಜ್ಜಿ, ಕರ್ನಾಟಕದ್ದು ಅಂತ ದಾಖಲೆ ಬೇಕು. ಆಧಾರ್ ತೋರ್ಸಿ."

"ನಾಟಿ ಕೋಳಿ ಕಣಪ್ಪ! ನಮ್ಮಟ್ಟೀಲೇ ಹುಟ್ಟಿದ್ದು, ಇನ್ನೇನ್ ದಾಖಲೆ ಕೊಡ್ಲಿ?"

ಹಿಂದಿನ ಸೀಟಿನ ಕಾಲೇಜು ಹುಡುಗನೊಬ್ಬ, "ಫಾರಂ ಕೋಳಿ ಆಗಿದ್ರೆ ಬಿಡಂಗಿಲ್ಲ ಸಾರ್, ಆಂಧ್ರದ್ದಿರ್ತದೆ" ಎಂದು ವಕಾಲತ್ತು ವಹಿಸಿದ. ಇನ್ನೊಬ್ಬರು, ಹುಂಜವಾಗಿದ್ದರೆ ಗಂಡಸರ ಸೀಟಿನಲ್ಲಿ ಕೂರಿಸಬೇಕಾಗುತ್ತಿತ್ತು ಎಂದರು. ವಾದ ನಡೆಯುತ್ತಿರುವಾಗಲೇ ಗೂಳೂರು ಬಂದು ಹತ್ತಾರು ಜನ ಮೇಲೆ ಬಿದ್ದರು. ಆ ಗದ್ದಲದಲ್ಲಿ ಕೋಳಿಯ ಪೌರತ್ವ ಇತ್ಯರ್ಥವಾಯಿತೋ ಇಲ್ಲವೋ ನನಗೆ ಕೇಳಿಸಲಿಲ್ಲ.

ಸೊನ್ನೆ ಟಿಕೆಟ್ಟಿನದೇ ಒಂದು ಪ್ರತ್ಯೇಕ ಕಥೆ. ದುಡ್ಡಿಲ್ಲ ಎಂದಮೇಲೆ ಚೀಟಿ ಯಾಕೆ ಎಂಬುದು ನಮ್ಮ ಹೆಂಗಸರ ಪ್ರಶ್ನೆ. ನ್ಯಾಯವಾದ ಪ್ರಶ್ನೆಯೇ. ಆದರೆ ಸರ್ಕಾರ ನಿಗಮಕ್ಕೆ ದುಡ್ಡು ತುಂಬಿಕೊಡುವುದು ಆ ಚೀಟಿಯ ಲೆಕ್ಕದ ಮೇಲೆ. ಚೀಟಿ ಇಲ್ಲದಿದ್ದರೆ ಬಸ್ಸಿನಲ್ಲಿ ಆಕೆ ಇಲ್ಲವೇ ಇಲ್ಲ. ಹಾಗಾಗಿ ಕಂಡಕ್ಟರು ದುಡ್ಡು ಕೊಡುವ ನನ್ನನ್ನು ಬಿಟ್ಟು ದುಡ್ಡು ಕೊಡದವರ ಬೆನ್ನು ಹತ್ತಿ, "ಅಕ್ಕಾ, ಸೊನ್ನೆ ತಗೊಳ್ಳಿ... ಅಮ್ಮಾ, ಸೊನ್ನೆ ತಗೊಳ್ಳಿ" ಎಂದು ಹಂಚುತ್ತಾ ಹೋಗುತ್ತಾರೆ. "ಇಕ್ಕಡಣ್ಣ, ನಿನ್ನತ್ರಾನೇ ಇಟ್ಕೊ" ಎಂದು ವಾಪಸು ಕೊಟ್ಟವರನ್ನೂ ನೋಡಿದ್ದೇನೆ. 2025ರ ಜುಲೈ 14ಕ್ಕೆ ಇಂಥ ಸೊನ್ನೆಗಳು 500 ಕೋಟಿ ಮುಟ್ಟಿದವು ಎಂದು ಮುಖ್ಯಮಂತ್ರಿಗಳೇ ಬಸ್ ಹತ್ತಿ ಟಿಕೆಟ್ ಹರಿದುಕೊಟ್ಟರು. ಗಂಡಸರು ಕಟ್ಟೆಯ ಮೇಲೆ ಕೂತು ಇದನ್ನು ಎಷ್ಟು ಬೇಕಾದರೂ ಆಡಿಕೊಳ್ಳಲಿ, ನಾನೂ ನಿಂತು ನಿಂತು ಕಾಲು ನೋವಾದ ದಿನ ಆಡಿಕೊಳ್ಳುತ್ತೇನೆ. ಆದರೆ ಹೂ ಕಟ್ಟಿಕೊಂಡು ತುಮಕೂರಿನ ಮಾರ್ಕೆಟ್ಟಿಗೆ ಹೋಗುವ ನಮ್ಮ ಬೀದಿಯ ಹೆಂಗಸರು ಈಗ ಗಂಡನ ಜೇಬಿನ ಕಡೆ ನೋಡದೆ ಬಸ್ ಹತ್ತುತ್ತಾರೆ. ಹತ್ತಿದ ಮೇಲೆ ನನ್ನ ಕಡೆಯೂ ನೋಡುವುದಿಲ್ಲ, ಸೀಟು ಹಿಡಿಯುತ್ತಾರೆ.

ಶಕ್ತಿ ಯೋಜನೆಯಿಂದ ಸತ್ಯಕ್ಕೂ ಒಂದಿಷ್ಟು ಲಾಭವಾಗಿದೆ. ಮೊದಲು ಬಸ್ಸಿನಲ್ಲಿ ಯಾವ ಮಗುವಿಗೂ ಆರು ವರ್ಷ ತುಂಬುತ್ತಿರಲಿಲ್ಲ. ಮೂರನೇ ಕ್ಲಾಸಿನ ಪುಸ್ತಕ ಹಿಡಿದಿದ್ದರೂ ತಾಯಿ, "ಐದು ನಡೀತೈತೆ" ಎನ್ನುತ್ತಿದ್ದಳು. ಈಗ ಹುಡುಗಿಯರ ವಯಸ್ಸನ್ನು ಜನ ನಿಜ ಹೇಳುತ್ತಾರೆ. ಹೇಳಿ ಕಳೆದುಕೊಳ್ಳುವುದೇನಿಲ್ಲವಲ್ಲ! ಸುಳ್ಳು ಉಳಿದಿರುವುದು ಗಂಡುಹುಡುಗರಿಗೆ ಮಾತ್ರ. ಒಂದೇ ಮನೆಯಲ್ಲಿ, ಒಂದೇ ಸೀಟಿನಲ್ಲಿ, ಅಕ್ಕನಿಗೆ ಒಂಬತ್ತು, ಅವಳ ಜೊತೆ ಹುಟ್ಟಿದ ಅವಳಿ ತಮ್ಮನಿಗೆ ಐದು. ಕಂಡಕ್ಟರು ಇಬ್ಬರನ್ನೂ ನೋಡಿ, ತಾಯಿಯನ್ನೂ ನೋಡಿ, "ಇವನು ನಾಲ್ಕು ವರ್ಷ ಲೇಟಾಗಿ ಎದ್ದನೇನಮ್ಮಾ?" ಎಂದು ಕೇಳಿ, ನಗುತ್ತಲೇ ಆಫ್ ಟಿಕೆಟ್ ಹರಿದರು.

ಲಗೇಜಿನ ನಿಯಮ ಓದುವುದಕ್ಕೆ ಚೆನ್ನಾಗಿದೆ. ದೊಡ್ಡವರಿಗೆ 30 ಕೆಜಿ ಉಚಿತ, ಮಕ್ಕಳಿಗೆ 15. ಆದರೆ ಬಸ್ಸಿನಲ್ಲಿ ತಕ್ಕಡಿ ಇಲ್ಲ. ತಕ್ಕಡಿ ಎಂದರೆ ಕಂಡಕ್ಟರ ಬಲಗಾಲು. ಮೂಟೆಯನ್ನು ಕಾಲಿನಿಂದ ಸ್ವಲ್ಪ ಒತ್ತಿ ನೋಡಿ, "ಏನೈತೆ ಇದರಲ್ಲಿ?" ಎಂದರೆ, "ಏನಿಲ್ಲ ಸಾರ್, ಬಟ್ಟೆ" ಎಂದು ಉತ್ತರ ಬರುತ್ತದೆ. ಗಡಗಡ ಸದ್ದು ಮಾಡುವ ಬಟ್ಟೆ. ತೆಂಗಿನಕಾಯಿಯ ಸೀಮೆಯಲ್ಲಿ ಬಟ್ಟೆ ಹಾಗೇ ಇರುತ್ತದೆ. ಎಷ್ಟು ತೂಕ ಎಂದು ಕೇಳಿದರೆ ಕುಣಿಗಲ್ಲಿನಿಂದ ತುಮಕೂರಿನವರೆಗೆ ಎಲ್ಲ ಮೂಟೆಗಳೂ ಇಪ್ಪತ್ತೊಂಬತ್ತೇ ಕೆಜಿ. ಹಲಸಿನ ಕಾಲದಲ್ಲಿ ಇನ್ನೂ ಗೊಂದಲ. ಗುಬ್ಬಿ ತಾಲೂಕಿನ ಚೇಳೂರು ಹಲಸಿಗೆ ಹೆಸರುವಾಸಿ. ಆ ಕಡೆಯ ‘ಸಿದ್ದು’ ತಳಿ ಚಿಕ್ಕದು, ಕೆಂಪು ತೊಳೆಯದು, ಮಡಿಲಲ್ಲಿ ಇಟ್ಟುಕೊಂಡು ಹೋಗಬಹುದಾದಂಥ ಸುಸಂಸ್ಕೃತ ಹಣ್ಣು. ನಮ್ಮ ಹಿತ್ತಿಲಿನ ಹಲಸು ಹಾಗಲ್ಲ, ಅದಕ್ಕೆ ಒಂದು ಸೀಟು ಬೇಕು. ಎರಡು ಕೆಜಿಯ ಕೋಳಿ ಅರ್ಧ ಮನುಷ್ಯನಾದರೆ, ಇಪ್ಪತ್ತು ಕೆಜಿಯ, ಬಸ್ಸಿಗೆಲ್ಲ ಘಮಘಮ ಅನ್ನಿಸುವ, ಪಕ್ಕದವರ ಸೀರೆಗೆ ಅಂಟು ಮೆತ್ತುವ ಹಲಸಿಗೆ ಯಾಕೆ ಟಿಕೆಟ್ ಇಲ್ಲ? ಉಸಿರಾಡುವುದಿಲ್ಲ ಎಂಬ ಒಂದೇ ಕಾರಣಕ್ಕೆ. ಫುಲ್ ಟಿಕೆಟಿನ ನಾವೂ ಆ ನೂಕಾಟದಲ್ಲಿ ಉಸಿರಾಡುವುದು ಅಷ್ಟಕ್ಕಷ್ಟೇ.

ಇವೆಲ್ಲ ಬರೆದಿಟ್ಟ ಕಾನೂನು. ಸಂಜೆ ತುಮಕೂರಿನ ಬಸ್ ಸ್ಟ್ಯಾಂಡಿನಲ್ಲಿ ಜಾರಿಯಲ್ಲಿರುವುದು ಟವೆಲ್ ಕಾನೂನು. ಇದನ್ನು ಯಾವ ವಿಧಾನಸಭೆಯೂ ಪಾಸು ಮಾಡಿಲ್ಲ, ಯಾವ ಕೋರ್ಟೂ ರದ್ದು ಮಾಡುವ ಧೈರ್ಯ ತೋರಿಲ್ಲ. ಬಸ್ಸು ಪ್ಲಾಟ್‌ಫಾರಮ್ಮಿಗೆ ತಿರುಗುವಾಗಲೇ ಕಿಟಕಿಯಿಂದ ಟವೆಲ್ ಒಳಗೆ ಬೀಳಬೇಕು. ನಿಂತ ಮೇಲೆ ಹಾಕಿದ್ದಕ್ಕೆ ಬೆಲೆ ಕಡಿಮೆ. ಕರ್ಚೀಫಿಗೆ ಒಂದು ಸೀಟು, ದಟ್ಟಿ ಪಂಚೆಗೆ ಮೂರು. ಪೇಪರು ಹಾಕಿದರೆ ಸೋಲು ಖಂಡಿತ, "ಯಾರೋ ಓದಿ ಬಿಟ್ಟೋಗವ್ರೆ ಅನ್ಕೊಂಡೆ" ಎಂದು ಅದರ ಮೇಲೇ ಕೂರುತ್ತಾರೆ, ಆಮೇಲೆ ಎದ್ದು ಓದುತ್ತಾರೆ. ನೀರಿನ ಬಾಟಲಿ ಉರುಳಿ ಹಿಂದಿನ ಸೀಟಿಗೆ ಹೋಗಿ ಬೇರೆಯವರ ಪರ ಸಾಕ್ಷಿ ಹೇಳುತ್ತದೆ. ಊಟದ ಡಬ್ಬಿಯ ಬ್ಯಾಗು ಬಲವಾದ ದಾಖಲೆ, ಯಾಕೆಂದರೆ ಅದನ್ನು ಸರಿಸಿದರೆ ಉಳಿದ ಸಾರು ಚೆಲ್ಲುತ್ತದೆ, ಚೆಲ್ಲಿದರೆ ಸರಿಸಿದವನ ಮೇಲೇ.

ಟವೆಲ್ ಹಾಕಿದವನು ಬಾಗಿಲಲ್ಲಿ ನುಗ್ಗಿ ಬರುವಷ್ಟರಲ್ಲಿ ಯಾರಾದರೂ ಕೂತಿದ್ದರೆ ವಿಚಾರಣೆ ಶುರು.

"ಯಜಮಾನ್ರೇ, ಟವೆಲ್ ಹಾಕಿದ್ನಲ್ಲ?"

"ಟವೆಲ್ ಇತ್ತು. ನೀವಿರಲಿಲ್ಲ."

"ನಾನಿದ್ದಿದ್ರೆ ಟವೆಲ್ ಯಾಕಾಕ್ತಿದ್ದೆ?"

ಈ ಮೂರನೇ ಮಾತಿಗೆ ಇವತ್ತಿನವರೆಗೂ ಯಾರಿಂದಲೂ ಉತ್ತರ ಬಂದಿಲ್ಲ. ಕೂತವರು ಗೊಣಗುತ್ತಾ ಏಳುತ್ತಾರೆ. ಪೊಲೀಸರಿಲ್ಲದೆ, ದಂಡವಿಲ್ಲದೆ ಒಂದು ತುಂಡು ಬಟ್ಟೆಗೆ ಜನ ಹೀಗೆ ತಲೆಬಾಗುವುದನ್ನು ಕಂಡಾಗ ನಮ್ಮ ನಾಡಿನ ನ್ಯಾಯಪ್ರಜ್ಞೆಯ ಬಗ್ಗೆ ನನಗೆ ಗೌರವ ಹುಟ್ಟುತ್ತದೆ, ಅದರಲ್ಲೂ ಟವೆಲ್ ನನ್ನದಾಗಿದ್ದಾಗ. ಎಲ್ಲ ಟವೆಲ್ಲುಗಳನ್ನೂ ಸೋಲಿಸುವ ವಸ್ತು ಒಂದೇ, ಕೂಸು. ಕಿಟಕಿಯಿಂದ, "ಅಣ್ಣಾ, ಸ್ವಲ್ಪ ಇಡ್ಕೊಳ್ಳಿ" ಎಂದು ಎರಡು ವರ್ಷದ ಮಗುವನ್ನು ಒಳಕ್ಕೆ ದಾಟಿಸಿದರೆ ಮುಗಿಯಿತು. ನಿಗಮದ ಪ್ರಕಾರ ಪ್ರಯಾಣಿಕನೇ ಅಲ್ಲದ ಆ ಜೀವ ಮೂರಾಳಿನ ಸೀಟಿನ ನಡುವೆ ಕೂತು ಬಾಯಿಗೆ ಬೆರಳಿಟ್ಟುಕೊಳ್ಳುತ್ತದೆ. ಅದರ ಅಕ್ಕಪಕ್ಕ ಕೂರಲು ಯಾವ ಗಂಡಸಿಗೂ ಎದೆಯಾಗುವುದಿಲ್ಲ.

ಶಕ್ತಿ ಯೋಜನೆಯ ಆದೇಶದಲ್ಲಿ ಅರ್ಧದಷ್ಟು ಸೀಟು ಗಂಡಸರಿಗೆ ಮೀಸಲು ಎಂದೂ ಇದೆ. ಅದನ್ನು ಒಮ್ಮೆ ಒಬ್ಬ ಮೇಷ್ಟ್ರು ಬಸ್ಸಿನಲ್ಲಿ ಧೈರ್ಯವಾಗಿ ಉಲ್ಲೇಖಿಸಿದರು. ಸೀಟಿನಲ್ಲಿದ್ದ ಹೆಂಗಸು ಸಿಟ್ಟಾಗಲಿಲ್ಲ, ಕನಿಕರದಿಂದ ನೋಡಿದಳು. "ಕೂತ್ಕೊಳಣ್ಣ, ಏನ್ ಮೈಗುಷಾರಿಲ್ವಾ?" ಎಂದು ಎದ್ದೇಬಿಟ್ಟಳು. ಅಷ್ಟು ಜನರೆದುರು ಮೇಷ್ಟ್ರು ಕೂರುವುದಾದರೂ ಹೇಗೆ? ತಮಗೆ ಮೈ ಗಟ್ಟಿಯಾಗಿಯೇ ಇದೆ ಎಂದು ರುಜುವಾತು ಮಾಡಲು ನಾಗವಲ್ಲಿಯವರೆಗೆ ನಿಂತೇ ಹೋದರು. ಅವರ ಹಕ್ಕಿನ ಸೀಟು ಗೂಳೂರಿನವರೆಗೆ ಖಾಲಿಯಾಗಿತ್ತು. ಗೂಳೂರಿನಲ್ಲಿ ಹತ್ತಿದ ಇನ್ನೊಬ್ಬ ಹೆಂಗಸು ಅದರ ಮೇಲೆ ಕೂತಳು.

ಮೊಬೈಲಿನಲ್ಲಿ ಜೋರಾಗಿ ಹಾಡು, ಸಿನಿಮಾ ಹಾಕಬಾರದೆಂದು 2021ರ ನವೆಂಬರಿನಲ್ಲಿ ಹೈಕೋರ್ಟ್ ಹೇಳಿತು. ಹೇಳಿದರೂ ಕೇಳದವರನ್ನು ಬಸ್ಸಿನಿಂದ ಇಳಿಸಬಹುದೆಂಬ ಸುತ್ತೋಲೆಯೂ ಬಂತು. ಆದರೆ ಸುತ್ತೋಲೆ ಹಿಡಿಯುವುದು ಸ್ಪೀಕರನ್ನು, ಗಂಟಲನ್ನಲ್ಲ. ಹೆಬ್ಬೂರಿನಲ್ಲೇ ಕೂತು, "ಗೂಳೂರು ದಾಟಿದೀನಿ, ಇನ್ನೈದ್ ನಿಮಿಷ" ಎಂದು ಫೋನಿನಲ್ಲಿ ಕೂಗುವವರಿಗೆ ಫೋನೇ ಬೇಕಿಲ್ಲ, ಕಿಟಕಿ ತೆಗೆದರೆ ಸಾಕು.

ಕಿಟಕಿ ಎಂದಾಗ ನೆನಪಾಯಿತು. ಕೈ, ತಲೆ ಹೊರಗೆ ಹಾಕಬಾರದೆಂದು ಬರೆದಿರುತ್ತದೆ. ನಮ್ಮೂರಲ್ಲಿ ಈ ನಿಯಮ ಕಾರ್ತಿಕ ಮಾಸದಲ್ಲಿ ಕಷ್ಟಕ್ಕೆ ಸಿಕ್ಕುತ್ತದೆ. ಊರೂರಿನ ಗಣೇಶ ಚೌತಿಗೆ ಬಂದು ಕೆಲವೇ ದಿನಕ್ಕೆ ನೀರಿಗೆ ಹೋಗುತ್ತಾನೆ. ಗೂಳೂರಿನ ಗಣಪನಿಗೆ ಚೌತಿಯಂದು ಕೆರೆಯ ಮಣ್ಣು ತಂದು ಕೆಲಸ ಶುರು. ಹತ್ತು ಹನ್ನೆರಡಡಿಯ ಮೂರ್ತಿ ಬೆಳೆದು, ದೀಪಾವಳಿಯ ಪಾಡ್ಯಕ್ಕೆ ಪೂಜೆ ಆರಂಭವಾಗಿ, ಒಂದು ತಿಂಗಳು ಜಾತ್ರೆಯ ಹಾಗೆ ಜನ ಬಂದು, ಆಮೇಲೆ ಹದಿನೆಂಟು ಕೋಮಿನವರೂ ಸೇರಿ ಅದೇ ಕೆರೆಗೆ ಬಿಡುತ್ತಾರೆ. ದೇವರೇ ಸಾವಕಾಶವಾಗಿ ಬರುವ ಊರಿನಲ್ಲಿ ಬಸ್ಸು ಲೇಟಾಯಿತೆಂದು ಬೈಯುವ ಬಾಯಿ ನಮಗಿಲ್ಲ. ಆ ತಿಂಗಳಲ್ಲಿ ಬಸ್ಸು ಊರಿಗೆ ಬರುತ್ತಲೇ ಒಂದು ಕಡೆಯ ಪ್ರಯಾಣಿಕರ ಕೈಗಳೆಲ್ಲ ಕಿಟಕಿಯಿಂದಾಚೆ ಹೋಗಿ ಜೋಡಿಸಿಕೊಳ್ಳುತ್ತವೆ. ಕಂಡಕ್ಟರು, "ಕೈ ಒಳಗೆ, ಕೈ ಒಳಗೆ!" ಎಂದು ಕೂಗುತ್ತಾರೆ, ಕೂಗುತ್ತಲೇ ತಾವೂ ಕೆನ್ನೆ ಬಡಿದುಕೊಳ್ಳುತ್ತಾರೆ. ಗೂಳೂರಿನ ನಿವಾಸಿಗಳಲ್ಲಿ ಬಸ್ ಹತ್ತದವನೆಂದರೆ ಆ ಗಣಪನೊಬ್ಬನೇ. ಅವನು ಹತ್ತಿದ್ದರೆ ಲಗೇಜೋ ಪ್ರಯಾಣಿಕನೋ, ಆನೆಯ ತಲೆಗೆ ಎಷ್ಟು, ಕೆಳಗಿರುವ ಇಲಿಗೆ ಆಫೋ ಫ್ರೀಯೋ ಎಂದು ಡಿಪೋದಲ್ಲಿ ಸಭೆ ಸೇರಬೇಕಾಗುತ್ತಿತ್ತು.

ಗೂಳೂರಿಗೆ ಅಂಟಿಕೊಂಡ ಹಾಗೆಯೇ ಕೈದಾಳ ಇದೆ, ಜಕಣಾಚಾರಿಯ ಊರು, ಚೆನ್ನಕೇಶವನ ಗುಡಿ. ಬೇಲೂರಿನಲ್ಲಿ ಜಕಣಾಚಾರಿ ಕೆತ್ತಿದ ಮೂರ್ತಿಯ ಕಲ್ಲಿನಲ್ಲಿ ಕಪ್ಪೆ ಇದೆಯೆಂದು ಅವನ ಮಗ ಡಂಕಣ ತೋರಿಸಿದ, ಅಪ್ಪ ತನ್ನ ಕೈ ಕಡಿದುಕೊಂಡ, ಊರಿಗೆ ಬಂದು ಇಲ್ಲಿ ಕೇಶವನನ್ನು ನಿಲ್ಲಿಸಿದ ಮೇಲೆ ಕೈ ಬಂತು ಎಂಬ ಕಥೆ ನಮಗೆಲ್ಲ ಹಾಲು ಕುಡಿಯುವಾಗಲೇ ಗೊತ್ತು. ಬಸ್ಸಿನಲ್ಲಿ ನಿಂತು ಯೋಚಿಸಿದಾಗ ನನಗೆ ಹೊಳೆದದ್ದು ಬೇರೆ. ಡಂಕಣ ಎಂದರೆ ಮತ್ತಾರೂ ಅಲ್ಲ, ಚೆಕಿಂಗ್ ಇನ್ಸ್‌ಪೆಕ್ಟರು. ಮೈಗೆಲ್ಲ ಗಂಧ ಬಳಿದು, ಯಾವ ಜಾಗ ಒಣಗಲಿಲ್ಲವೆಂದು ನೋಡಿ, ಟಿಕೆಟ್ ಇಲ್ಲದೆ ಕಲ್ಲಿನೊಳಗೆ ಕೂತಿದ್ದ ಕಪ್ಪೆಯನ್ನು ಆಚೆಗೆಳೆದ. ಮತ್ತೆ ಶಿಕ್ಷೆ ಯಾರಿಗಾಯಿತು? ಕಪ್ಪೆಗಲ್ಲ, ಅದನ್ನು ಗಮನಿಸದ ಜಕಣಾಚಾರಿಗೆ. ಬಸ್ಸಿನಲ್ಲೂ ಇದೇ ಪದ್ಧತಿ. ಟಿಕೆಟ್ ಇಲ್ಲದವನು ದಂಡ ಕಟ್ಟಿ ಮೀಸೆ ತಿರುವಿ ಇಳಿದು ಹೋಗುತ್ತಾನೆ, ಮೆಮೊ ಬರುವುದು ಕಂಡಕ್ಟರಿಗೆ. ಹಾಗಾಗಿಯೇ ಚೆಕಿಂಗಿನವರು ಕೈ ಅಡ್ಡ ಹಾಕಿದಾಗ ಕಂಡಕ್ಟರು ಮುಖ ಸಪ್ಪಗೆ ಮಾಡಿಕೊಂಡು, ಒಂದೊಂದು ಸೀಟಿನ ಕಡೆಗೂ ಕಪ್ಪೆ ಹುಡುಕುವ ಕಣ್ಣಿನಿಂದ ನೋಡುವುದು.

ಮೈಸೂರು ಸರ್ಕಾರ 1948ರ ಸೆಪ್ಟೆಂಬರ್ 12ರಂದು 120 ಬಸ್ಸುಗಳೊಂದಿಗೆ ಸಾರಿಗೆ ಇಲಾಖೆ ಶುರುಮಾಡಿತು. 1961ರಲ್ಲಿ ಅದು ನಿಗಮವಾಯಿತು. ಅಂದಿನಿಂದ ಇಂದಿನವರೆಗೆ ಬಸ್ಸು ಬದಲಾಗಿದೆ, ಟಿಕೆಟ್ ಬದಲಾಗಿದೆ, ಪಿನ್ನು ಹಾಕಿದ ಬಣ್ಣಬಣ್ಣದ ಟಿಕೆಟ್ ಕಟ್ಟು ಹೋಗಿ ಮಿಷನ್ ಬಂದಿದೆ. ಬದಲಾಗದೆ ಉಳಿದಿರುವುದು ಚಿಲ್ಲರೆ. 2025ರ ಜನವರಿ 5ರಿಂದ ದರ ಶೇಕಡಾ 15 ಏರಿದ ಮೇಲೆ ಅದು ಇನ್ನಷ್ಟು ಗಟ್ಟಿಯಾಗಿ ನಿಂತಿದೆ. ಈಗ ಕಂಡಕ್ಟರ ಕತ್ತಿನಲ್ಲಿ ಕ್ಯೂಆರ್ ಕೋಡ್ ತೂಗುತ್ತದೆ. ಹುಡುಗರು ಫೋನ್ ತೋರಿಸಿ ಮುಗಿಸುತ್ತಾರೆ. ಅವರಿಗೆ ಜೊತೆ ಚಿಲ್ಲರೆಯ ಸುಖ ಗೊತ್ತಿಲ್ಲ.

ಜೊತೆ ಚಿಲ್ಲರೆ ಎಂದರೆ, ಇಬ್ಬರು ಅಪರಿಚಿತರಿಗೆ ಬರಬೇಕಾದ ದುಡ್ಡನ್ನು ಕೂಡಿಸಿ ಒಂದೇ ನೋಟು ಕೊಟ್ಟು, "ಇಬ್ರೂ ಸೇರಿ ತಗೊಳ್ಳಿ" ಎಂದು ಇಳಿಸಿಬಿಡುವುದು. ಯಾರಿಗೆ ಯಾರೆಂದು ಕಂಡಕ್ಟರೇ ತೀರ್ಮಾನಿಸುತ್ತಾರೆ. ಒಂದು ಸಂಜೆ ನನಗೆ ಸಿಕ್ಕಿದ್ದು ಹೊನ್ನುಡಿಕೆ ಕಡೆಯ ಒಬ್ಬ ಅಡಿಕೆ ವ್ಯಾಪಾರಿ. ಯಾವುದೋ ಕೆಲಸಕ್ಕೆ ಗೂಳೂರಲ್ಲಿ ಇಳಿದಿದ್ದರು. ಐವತ್ತರ ನೋಟು ಅವರ ಕೈಯಲ್ಲಿ, ಅದರೊಳಗೆ ಇಪ್ಪತ್ಮೂರು ನನ್ನದು. ಅಂಗಡಿಯವನು ಏನಾದರೂ ಕೊಂಡರೆ ಮಾತ್ರ ಮುರಿಸಿಕೊಡುತ್ತೇನೆ ಎಂದ. ಟೀ ಕುಡಿದೆವು. ಟೀಗೆ ಬೋಂಡ ಜೊತೆಯಾಯಿತು. ಅವರು ಅಡಿಕೆಯ ರೇಟಿನ ಏರಿಳಿತ ಹೇಳಿದರು, ನಾನು ಮಗಳ ಪಿಯುಸಿ ಹೇಳಿದೆ. ಕೊನೆಗೆ ನೋಟು ಸಾಲದೆ ನಾನೇ ಕೈಯಿಂದ ಏಳು ರೂಪಾಯಿ ಹಾಕಿದೆ. ಅವರು ಮೂಗಿನ ಮೇಲೆ ಬೆರಳಿಟ್ಟುಕೊಂಡು ಲೆಕ್ಕ ಹಾಕಿ, ನನಗೆ ಹದಿನೈದು ಬಾಕಿ ಎಂದರು. ನನ್ನ ಲೆಕ್ಕದಲ್ಲಿ ಅದು ಹದಿನೆಂಟು, ಆದರೆ ಬೋಂಡ ಯಾರೆಷ್ಟು ತಿಂದೆವು ಎಂಬ ಪ್ರಶ್ನೆ ಏಳಬಾರದೆಂದು ಸುಮ್ಮನಾದೆ.

ಆಮೇಲೊಂದು ದಿನ ನಾನು ತುಮಕೂರಿನಿಂದ ಬರುವ ಬಸ್ಸಿನಲ್ಲಿ ಹಿಂದುಗಡೆ, ಜನರ ನಡುವೆ ಒಂಟಿಕಾಲಲ್ಲಿ ನಿಂತಿದ್ದೆ. ಮುಂದಿನ ಬಾಗಿಲಿನ ಹತ್ತಿರದಿಂದ ಪರಿಚಿತ ದನಿಯೊಂದು ಬಸ್ಸಿಗೆಲ್ಲ ಕೇಳುವಂತೆ ಕೂಗಿತು:

"ಕಂಡಕ್ಟ್ರೇ, ಹಿಂದೆ ಕನ್ನಡಕದವರೊಬ್ಬರು ನಿಂತವರಲ್ಲ, ಅವರ್ದು ಗೂಳೂರಿನ ಟಿಕೆಟ್ ನಾನೇ ತಗೊಂಡಿವ್ನಿ. ಇನ್ನು ನನಗೂ ಅವರಿಗೂ ಲೆಕ್ಕ ಚುಕ್ತಾ ಅಂತ ಹೇಳ್ಬುಡಿ!"

ಕಂಡಕ್ಟರು ಹಿಂದೆ ಬಂದು ನನ್ನನ್ನು ಮೇಲಿಂದ ಕೆಳಗೆ ನೋಡಿ ಕೇಳಿದರು:

"ಸಾರ್, ಅವರು ಎರಡು ರೂಪಾಯಿ ಕಮ್ಮಿ ಕೊಟ್ಟವ್ರೆ. ನಿಮ್ಮತ್ರ ಚಿಲ್ರೆ ಐತಾ?"